ಅಮ್ಮನ ಹೆಬ್ಬೆಟ್ಟಿಗೆ ಬೀಗ ಹಾಕಿದ್ದು

ಆಧಾರ್ ಸಂಖ್ಯೆ ಗುಟ್ಟಾಗಿ ಉಳಿಯುತ್ತದೆ ಅನ್ನೋ ಆಸೆ ನನಗಿಲ್ಲ. ನಮ್ಮ ಮನೆಯವರ ಕಾರ್ಡಿನ ಜೆರಾಕ್ಸ್ ಸಿಮ್ ಅಂಗಡಿ, ಗ್ಯಾಸ್ ಏಜೆನ್ಸಿ, ಲಾಡ್ಜು, ಸೊಸೈಟಿ, ಶಾಲೆ ಎಲ್ಲ ಕಡೆ ಬಿದ್ದಿದೆ. ಅದನ್ನೆಲ್ಲ ವಾಪಸ್ ತರೋಕೆ ಆಗಲ್ಲ. ಹಾಗಾಗಿ ಸಂಖ್ಯೆ ಯಾರದೋ ಕೈಗೆ ಸಿಕ್ಕೇ ಇದೆ ಅಂದುಕೊಂಡೇ ಶುರು ಮಾಡಿದೆ. ಸಿಕ್ಕರೂ ಅದರಿಂದ ಅವರಿಗೆ ಏನೂ ಮಾಡಲು ಆಗಬಾರದು, ಅಷ್ಟೇ.

ನನಗೆ ಜಾಸ್ತಿ ಭಯ ಇದ್ದದ್ದು ಹೆಬ್ಬೆಟ್ಟಿನ ಬಗ್ಗೆ. ಊರಲ್ಲಿ ಬ್ಯಾಂಕ್ ಮಿತ್ರರು ಸಣ್ಣ ಯಂತ್ರ ಇಟ್ಟುಕೊಂಡು ಹಣ ಕೊಡ್ತಾರಲ್ಲ, ಅದಕ್ಕೆ ಎಇಪಿಎಸ್ ಅಂತಾರೆ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಇಷ್ಟಿದ್ದರೆ ಸಾಕು. ಒಟಿಪಿ ಕೇಳಲ್ಲ, ಪಿನ್ ಕೇಳಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಬ್ಯಾಂಕು ದೂರ ಇರುವ ಊರಿನ ವಯಸ್ಸಾದವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ 2023ರಲ್ಲಿ ಬೆಂಗಳೂರಿನಲ್ಲಿ ಸೈಟು, ಮನೆ ರಿಜಿಸ್ಟರ್ ಮಾಡಿಸಿದ್ದ ಹಲವರ ಖಾತೆಯಿಂದ ಇದೇ ದಾರಿಯಲ್ಲಿ ಹಣ ಹೋಯಿತು. ಪತ್ರದ ಪ್ರತಿಯಲ್ಲಿ ಬೆರಳಚ್ಚೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಕಳ್ಳರು ಆ ಬೆರಳಚ್ಚಿನಿಂದ ನಕಲಿ ಹೆಬ್ಬೆಟ್ಟು ಮಾಡಿ ಯಂತ್ರದ ಮೇಲೆ ಒತ್ತಿದ್ದರು. ನಮ್ಮಪ್ಪ ಜಮೀನಿನ ಪತ್ರಗಳಿಗೆ ಎಷ್ಟು ಸಲ ಹೆಬ್ಬೆಟ್ಟು ಒತ್ತಿದ್ದಾರೋ ಲೆಕ್ಕವಿಲ್ಲ. ಸುದ್ದಿ ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರ್‌ನಲ್ಲಿರುವ ಬೆರಳಚ್ಚನ್ನು ಯಾರೂ ಬಳಸದ ಹಾಗೆ ಬೀಗ ಹಾಕೋದು, ಕಷ್ಟವೇನಲ್ಲ. ಮೈಆಧಾರ್ ಪೋರ್ಟಲ್‌ನಲ್ಲೋ ಆಧಾರ್ ಆಪ್‌ನಲ್ಲೋ ಲಾಗಿನ್ ಆಗಿ ಒತ್ತಿದರೆ ಮುಗೀತು. ಬೆರಳು, ಕಣ್ಣು, ಮುಖ ಮೂರೂ ಮುಚ್ಚಿಕೊಳ್ಳುತ್ತವೆ. ತೊಡಕು ಬರೋದು ಅದಕ್ಕೂ ಮೊದಲು. ಲಾಗಿನ್ ಆಗಲು ಒಟಿಪಿ ಬೇಕು, ಒಟಿಪಿ ಬರೋದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಅಮ್ಮನ ಕಾರ್ಡಿಗೆ ಜೋಡಿಸಿದ್ದು ಯಾವತ್ತೋ ರೀಚಾರ್ಜ್ ನಿಲ್ಲಿಸಿದ್ದ ಹಳೇ ನಂಬರು. ಬಿಟ್ಟ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಅಂದರೆ ಅಮ್ಮನ ಒಟಿಪಿ ಗುರುತೇ ಇಲ್ಲದವರ ಫೋನಿಗೆ ಹೋಗುವ ಸಾಧ್ಯತೆ ಇತ್ತು. ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹೊಸ ನಂಬರು ಜೋಡಿಸಿದೆ. ಮನೆಯ ಹಿರಿಯರ ಆಧಾರ್‌ಗೆ ಯಾವ ನಂಬರು ಇದೆ ಅಂತ ಇವತ್ತೇ ನೋಡಿ. ಬಾಕಿ ಎಲ್ಲ ಇದರ ಮೇಲೇ ನಿಂತಿದೆ.

ಲಾಕ್ ಮಾಡಿದ ಮೇಲೆ ಎರಡನೇ ತೊಡಕು ಬಂತು, ರೇಷನ್. ನ್ಯಾಯಬೆಲೆ ಅಂಗಡಿಯಲ್ಲಿ ಅಮ್ಮ ಅಕ್ಕಿ ತರೋದು ಬೆರಳು ಒತ್ತಿಯೇ. ಬೀಗ ಬಿದ್ದ ಬೆರಳನ್ನು ಯಂತ್ರ ಒಪ್ಪಲ್ಲ. ತಾತ್ಕಾಲಿಕವಾಗಿ ತೆರೆಯುವ ಸೌಲಭ್ಯ ಇದೆ, ಆದರೆ ತೆರೆದ ಹತ್ತು ನಿಮಿಷಕ್ಕೆ ತಾನಾಗೇ ಮುಚ್ಚಿಕೊಳ್ಳುತ್ತದೆ. ಸರ್ವರ್ ನಿಧಾನ ಇದ್ದ ದಿನ ಆ ಹತ್ತು ನಿಮಿಷ ಯಾತಕ್ಕೂ ಸಾಲದು. ಮನೆಯಿಂದ ಹೊರಡುವಾಗ ತೆರೆದರೆ ಕ್ಯೂನಲ್ಲೇ ಸಮಯ ಮುಗಿದುಹೋಗುತ್ತದೆ. ಮುಂದೆ ಇನ್ನೊಬ್ಬರೋ ಇಬ್ಬರೋ ಇದ್ದಾರೆ ಅನ್ನುವಾಗ ತೆರೆಯಬೇಕು.

ನಾನಿರೋದು ಬೆಂಗಳೂರಲ್ಲಿ, ಅಮ್ಮ ಇರೋದು ತುಮಕೂರು ಕಡೆ ಹಳ್ಳಿಯಲ್ಲಿ. ಅಮ್ಮನಿಗೆ ಬಂದ ಒಟಿಪಿಯನ್ನು ಫೋನಿನಲ್ಲಿ ನನಗೆ ಓದಿ ಹೇಳಿದರೆ ನಾನು ಇಲ್ಲಿಂದಲೇ ತೆರೆಯಬಹುದು. ಮನೆಯವರೆಲ್ಲ ಹಾಗೇ ಮಾಡು ಅಂದರು. ನಾನು ಒಪ್ಪಲಿಲ್ಲ. ಫೋನಿನಲ್ಲಿ ಒಟಿಪಿ ಹೇಳುವ ಅಭ್ಯಾಸವೇ ಅಮ್ಮನಿಗೆ ಆಗಬಾರದು, ಮಗನಿಗೂ ಹೇಳಬಾರದು. ಇವತ್ತು ನನಗೆ ಹೇಳಿದವರು ನಾಳೆ 'ಬ್ಯಾಂಕಿನಿಂದ ಮಾತಾಡ್ತಿದ್ದೀವಿ' ಅಂದವರಿಗೂ ಹೇಳ್ತಾರೆ. ಅದಕ್ಕೇ ಅಮ್ಮನ ಫೋನಿನಲ್ಲೇ ಆಧಾರ್ ಆಪ್ ಹಾಕಿಕೊಟ್ಟೆ. ರೇಷನ್ ದಿನ ನಾದಿನಿ ಜೊತೆಗೆ ಹೋಗಿ, ಪಕ್ಕದಲ್ಲಿ ನಿಂತು ತೆರೆಯುತ್ತಾಳೆ. ಅಪ್ಪನ ಪಿಂಚಣಿಗೆ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡುವಾಗಲೂ ಇದೇ ಕ್ರಮ. ಬೀಗ ಹಾಕಿದರೆ ಗೃಹಲಕ್ಷ್ಮಿ ಹಣ ನಿಂತುಹೋಗುತ್ತೆ ಅಂತ ಅಮ್ಮ ಹೆದರಿದ್ದರು. ಹಾಗೇನೂ ಆಗಲಿಲ್ಲ. ಖಾತೆಗೆ ಹಣ ಬೀಳಲು ಬೆರಳು ಬೇಕಾಗಲ್ಲ ಅಲ್ವಾ.

ಅದೇ ಪೋರ್ಟಲ್‌ನಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ದಾಖಲೆ ಸಿಗುತ್ತದೆ. ಹಿಂದಿನ ಆರು ತಿಂಗಳದ್ದು ತೋರಿಸುತ್ತದೆ. ಅಮ್ಮನ ದಾಖಲೆ ತೆಗೆದರೆ ತಿಂಗಳಿಗೊಂದು ಗೊಂಚಲು. ಬೆರಳು ವಿಫಲ, ವಿಫಲ, ಮತ್ತೆ ವಿಫಲ, ಆಮೇಲೆ ಸಫಲ. ಹೊಲದ ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದಿದೆ, ಯಂತ್ರಕ್ಕೆ ಸುಲಭಕ್ಕೆ ಸಿಗಲ್ಲ. ದಿನಾಂಕ, ಸಮಯ ನೋಡಿಕೊಂಡು ಎಲ್ಲವೂ ರೇಷನ್ ದಿನದ್ದೇ ಅಂತ ಖಾತ್ರಿ ಮಾಡಿಕೊಂಡೆ. ಈಗ ಊರಿಗೆ ಹೋದಾಗಲೆಲ್ಲ ಅಮ್ಮನ ಪಕ್ಕ ಕೂತು ಇದನ್ನೊಮ್ಮೆ ನೋಡುತ್ತೇನೆ.

ಇನ್ನು ಜೆರಾಕ್ಸ್ ವಿಷಯ. ಪ್ರಿಂಟ್ ಬೇಕು ಅಂದರೆ ಅಂಗಡಿಯವರು 'ವಾಟ್ಸ್ಆಪ್ ಮಾಡಿ ಸರ್' ಅಂತಾರೆ. ಹಾಗೊಂದು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ಕಣ್ಣಿಗೆ ಬಿತ್ತು. ಸಾಲಾಗಿ ಜನರ ಆಧಾರ್, ಪಾನ್, ಪಾಸ್‌ಬುಕ್ಕಿನ ಮೊದಲ ಪುಟ. ಅಂಗಡಿಯವರು ಒಳ್ಳೆಯವರೇ, ಅಳಿಸಲು ಪುರುಸೊತ್ತಿಲ್ಲ ಅಷ್ಟೇ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ನೆಮ್ಮದಿಯಿಂದ ಇರಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ, ಅಷ್ಟೇ ಆ ಪಾಸ್‌ವರ್ಡ್. ಪರಿಚಯದವರು ಯಾರು ಬೇಕಾದರೂ ಊಹಿಸಬಹುದು. ಅದಕ್ಕೇ ನಾನು ಕೊಡೋದು ಮಾಸ್ಕ್ಡ್ ಆಧಾರ್. ಡೌನ್‌ಲೋಡ್ ಮಾಡುವಾಗಲೇ ಆ ಆಯ್ಕೆ ಇರುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. 2022ರ ಮೇನಲ್ಲಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಬೆಂಗಳೂರು ಕಚೇರಿಯೇ 'ಜೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಕೊಡಿ' ಅಂತ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದರು ಅಂತ ಎರಡೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡರು. ಹಿಂದಕ್ಕೆ ತೆಗೆದುಕೊಂಡದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಎಲ್ಲಾದರೂ ಪೂರ್ತಿ ಪ್ರತಿಯೇ ಬೇಕು ಅಂದರೆ, ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಅಕ್ಷರಗಳ ಮೇಲೇ ಅಡ್ಡಲಾಗಿ ಬರೆದು ಸಹಿ ಹಾಕಿ ಕೊಡುತ್ತೇನೆ.

ಪಾನ್‌ಗೆ ಹೀಗೆ ಬೀಗ ಇಲ್ಲ, ಕಣ್ಣಿಡಬೇಕು ಅಷ್ಟೇ. ನಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೆದರೆ ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಾಣುತ್ತದೆ. 2017ರಿಂದ ಜನರ ಸಾಲದ ಲೆಕ್ಕ ಇಡುವ ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಾನು ಮೂರು ತಿಂಗಳಿಗೊಂದು ಸಂಸ್ಥೆಯದ್ದು ತೆಗೆಯುತ್ತೇನೆ, ವರ್ಷಪೂರ್ತಿ ಕಾವಲು ಇದ್ದ ಹಾಗಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಾನ್ ಹಾಕಿ ಹುಡುಕಿದರೆ ನಮ್ಮ ಹೆಸರಲ್ಲಿ ಯಾರಾದರೂ ನೋಂದಣಿ ಮಾಡಿದ್ದಾರಾ ಗೊತ್ತಾಗುತ್ತದೆ. ಸಂಚಾರ್ ಸಾಥಿ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ನಮ್ಮ ಹೆಸರಿನ ಸಿಮ್‌ಗಳ ಪಟ್ಟಿ ಸಿಗುತ್ತದೆ. ಅಪ್ಪನ ಹೆಸರಲ್ಲಿ ಯಾರೂ ಬಳಸದ ಒಂದು ನಂಬರು ಅಲ್ಲಿತ್ತು. 'ನನ್ನ ನಂಬರ್ ಅಲ್ಲ' ಅಂತ ಅಲ್ಲೇ ವರದಿ ಮಾಡಿದೆವು.

ಇಷ್ಟೆಲ್ಲ ಮಾಡಿದ ಮೇಲೂ ಹಣ ಹೋದರೆ ಏನು ಮಾಡಬೇಕು ಅಂತ ಮನೆಯವರಿಗೆಲ್ಲ ಹೇಳಿಕೊಟ್ಟಿದ್ದೇನೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಅದೇ ದಿನ ಬ್ಯಾಂಕಿಗೆ ಬರಹದಲ್ಲಿ ದೂರು, ಸೀಲ್ ಹಾಕಿಸಿದ ಪ್ರತಿ ನಮ್ಮ ಕೈಲಿರಬೇಕು. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅನ್ನುವ ಪ್ರಕರಣದಲ್ಲಿ, ಬ್ಯಾಂಕಿನಿಂದ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಬೀಳಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಅದಕ್ಕೇ ಅಮ್ಮನ ಖಾತೆಯ ಎಸ್ಸೆಮ್ಮೆಸ್ ನಾದಿನಿಯೂ ದಿನಾ ಒಮ್ಮೆ ನೋಡುತ್ತಾಳೆ.