ಸಿಡುಕಿನ ಪ್ರತಿಭೆ ಮತ್ತು ನಮ್ಮ ಡ್ರೆಸ್ಸಿಂಗ್ ರೂಮ್

ನಾನು ಕೋಚ್ ಮಾಡುವ ಫುಟ್‌ಬಾಲ್ ತಂಡದಲ್ಲಿ ಒಬ್ಬ ಮಿಡ್‌ಫೀಲ್ಡರ್ ಇದ್ದಾನೆ, ಅಂದರೆ ಮೈದಾನದ ನಡುವೆ ಆಡುವವನು. ಎರಡೂ ಕಾಲಲ್ಲಿ ಆಡುತ್ತಾನೆ. ಬೇರೆಯವರಿಗೆ ಹೊಳೆಯದ ಪಾಸ್ ಅವನಿಗೆ ಹೊಳೆಯುತ್ತದೆ. ಕೋಪ ಮಾತ್ರ ಮೂಗಿನ ತುದಿಯಲ್ಲಿ.

ಇಂಥವರ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ಆಟದಿಂದಲೇ ಹೊರಹಾಕುವ ಕೆಂಪು ಕಾರ್ಡ್. 2006ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ಮಟೆರಾಜಿಯ ಎದೆಗೆ ತಲೆಯಿಂದ ಗುದ್ದಿ ಹೊರನಡೆದ ಫ್ರಾನ್ಸ್‌ನ ಜಿದಾನ್, ಅಲ್ವಾ? ಆದರೆ ಕೆಂಪು ಕಾರ್ಡ್ ಅಪರೂಪ. ನಮ್ಮನ್ನು ಪ್ರತಿ ಪಂದ್ಯದಲ್ಲೂ ಕಾಡಿದ್ದು ಬೇರೆ. ಪಾಸ್ ಸ್ವಲ್ಪ ಆಚೀಚೆ ಆದರೆ ಸಾಕು, ಇವನು ಎರಡೂ ಕೈ ಮೇಲೆತ್ತಿ ಕೂಗಾಡುತ್ತಿದ್ದ. ವಿಡಿಯೊ ಹಾಕಿಕೊಂಡು ಚೆಂಡು ಬಿಟ್ಟು ಉಳಿದವರನ್ನೇ ನೋಡುತ್ತಾ ಕೂತೆ. ಮೈದಾನದ ಅಂಚಿನಲ್ಲಿ ಆಡುವ ವಿಂಗರ್ ಮುಂದೆ ಖಾಲಿ ಜಾಗ ಬಿದ್ದಿದೆ, ಆದರೂ ಚೆಂಡು ಇವನಿಗೇ ಕೊಡುತ್ತಾನೆ. ಬೈಸಿಕೊಳ್ಳೋದು ಯಾಕೆ ಅಂತ! ಎದುರಾಳಿಗಳು ಇವನ ಸುತ್ತ ಇಬ್ಬರನ್ನು ನಿಲ್ಲಿಸಿದರೆ ನಮ್ಮ ಆಟವೇ ನಿಂತುಹೋಗುತ್ತಿತ್ತು.

ಅದನ್ನು ಎಲ್ಲರೆದುರು ತೋರಿಸಲಿಲ್ಲ. ಇವನೊಬ್ಬನನ್ನೇ ಕರೆದು, "ಅವನು ನಿನಗೇ ಯಾಕೆ ಕೊಟ್ಟ, ಹೇಳು" ಅಂದೆ.

"ಅವನಿಗೆ ಆಟ ಗೊತ್ತಿಲ್ಲ ಸರ್."

ಅಂಥದ್ದೇ ಇನ್ನಷ್ಟು ತುಣುಕು ಹಾಕಿದೆ. ಆಮೇಲೆ ಅವನೇ ಕೇಳಿದ, "ನನಗೆ ಹೆದರ್ತಾರಾ ಸರ್?"

ಕ್ಯಾಪ್ಟನ್ ಮಾಡಿ, ಜವಾಬ್ದಾರಿ ಬಂದರೆ ಸರಿಹೋಗ್ತಾನೆ ಅಂತ ಹಲವರು ಹೇಳಿದರು. ಫ್ರಾನ್ಸ್‌ನ ಆಟಗಾರ ಕ್ಯಾಂಟೊನಾ ಉದಾಹರಣೆ ಕೊಟ್ಟರು. 1995ರಲ್ಲಿ ಪ್ರೇಕ್ಷಕನಿಗೆ ಒದ್ದು ತಿಂಗಳುಗಟ್ಟಲೆ ನಿಷೇಧ ಅನುಭವಿಸಿದವನು ಮುಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ಗೆ ಕ್ಯಾಪ್ಟನ್ ಆದದ್ದು ನಿಜ. ಆದರೆ ಅಭ್ಯಾಸ ಮುಗಿದ ಮೇಲೂ ಅವನು ಮೈದಾನ ಬಿಡುತ್ತಿರಲಿಲ್ಲ, ಅವನನ್ನು ನೋಡಿ ಕಿರಿಯರೂ ಉಳಿಯುತ್ತಿದ್ದರು. ನಮ್ಮವನ ಹತ್ತಿರ ಕಿರಿಯರು ಸುಳಿಯುತ್ತಲೇ ಇರಲಿಲ್ಲ. ಹಾಗಾಗಿ ಕ್ಯಾಪ್ಟನ್ ಪಟ್ಟಿ ಹಿಂದೆ ನಿಂತು ಗೋಲು ತಡೆಯುವ ಸೆಂಟರ್ ಬ್ಯಾಕ್ ತೋಳಲ್ಲೇ ಉಳಿಯಿತು. ಅವನು ಮಾತು ಕಡಿಮೆ, ಆದರೆ ಆಡಿದರೆ ಎಲ್ಲರೂ ಕೇಳುತ್ತಾರೆ. ಯುರೋಪಿನ ದೇಶಗಳ ಟೂರ್ನಿ ಯೂರೋ 2024ರಲ್ಲಿ ರೆಫರಿ ಹತ್ತಿರ ವಾದಕ್ಕೆ ಕ್ಯಾಪ್ಟನ್ ಒಬ್ಬನೇ ಹೋಗಬಹುದು ಅಂತ ಮಾಡಿದ್ದರಲ್ಲ, ಅದನ್ನೇ ನಮ್ಮ ತಂಡಕ್ಕೂ ಹಾಕಿದೆ. ಸಿಟ್ಟು ಬಂದರೆ ಕ್ಯಾಪ್ಟನ್‌ಗೆ ಹೇಳು, ಅವನು ಹೋಗಿ ಮಾತಾಡ್ತಾನೆ.

ಇವನಿಗೆ ಬೇರೆ ಕೆಲಸ ಕೊಟ್ಟೆ. ಅಭ್ಯಾಸದ ಕೊನೆಗೆ ವಿಂಗರ್ ಜೊತೆ ನಿಲ್ಲಬೇಕು. ವಿಂಗರ್ ಬೇಕಂತಲೇ ಕೆಟ್ಟ ಪಾಸ್ ಕೊಡುತ್ತಾನೆ, ಇವನು ಅದನ್ನು ಹಿಡಿದು ಆಟ ಮುಂದುವರಿಸಬೇಕು. ಮೊದಮೊದಲು ಮುಖ ಸಿಂಡರಿಸಿದ. ಆಮೇಲೆ ಅದರಲ್ಲೂ ಗೆಲ್ಲುವ ಹಟ ಬಂತು. ಹಾಫ್ ಟೈಮ್‌ನಲ್ಲಿ ಮೊದಲು ನೀರು, ಆಮೇಲೆ ಕ್ಯಾಪ್ಟನ್, ಕೊನೆಗೆ ನಾನು. ಉಸಿರು ಏರಿರುವಾಗ ಯಾರೂ ಮಾತಾಡುವ ಹಾಗಿಲ್ಲ.

ತಡವಾಗಿ ಬಂದರೆ ಬೆಂಚ್ ಅನ್ನುವ ನಿಯಮ ಇವನಿಗೂ ಇತ್ತು. ಒಂದು ಪಂದ್ಯದಲ್ಲಿ ಕೂರಿಸಿಯೂ ಬಿಟ್ಟೆ. ಸೋತೆವು. ಆದರೆ ಆ ದಿನದಿಂದ ಉಳಿದವರು ನನ್ನ ಮಾತನ್ನು ನಂಬಲು ಶುರುಮಾಡಿದರು.

ಈಗ ವಿಂಗರ್ ಧೈರ್ಯವಾಗಿ ತಾನೇ ನುಗ್ಗುತ್ತಾನೆ. ಚೆಂಡು ಕಳೆದುಕೊಂಡರೆ ಇವನು ಹಿಂದೆ ಓಡುತ್ತಾನೆ, ಗೊಣಗುತ್ತಲೇ. ರೆಫರಿ ವಿಷಯದಲ್ಲಿ ಮಾತ್ರ ಹೆಚ್ಚು ಬದಲಾಗಿಲ್ಲ. ಇವನಿಗೆ ಎಚ್ಚರಿಕೆಯ ಹಳದಿ ಕಾರ್ಡ್ ಬಿದ್ದ ತಕ್ಷಣ ಬದಲಿ ಆಟಗಾರನಿಗೆ ವಾರ್ಮಪ್ ಶುರುಮಾಡು ಅಂತ ಈಗಲೂ ಹೇಳುತ್ತೇನೆ.