ಬಿಟ್‌ಕಾಯಿನ್ ನೋಡ್: ಪ್ರಾಕ್ಸಿ ಹಾಕಿದ ಮೇಲೂ ಐಪಿ ಸೋರದಂತೆ ನೋಡಿಕೊಳ್ಳುವುದು ಹೇಗೆ?

ಹಾಸನದ ಮನೆಯ ಫೈಬರ್ ಲೈನಿನಲ್ಲೋ ಮೂಡಿಗೆರೆ ತೋಟದ ಮನೆಯ ಹಾಟ್‌ಸ್ಪಾಟಿನಲ್ಲೋ ಬಿಟ್‌ಕಾಯಿನ್ ಕೋರ್ (ನಿಮ್ಮ ಕಂಪ್ಯೂಟರನ್ನು ಬಿಟ್‌ಕಾಯಿನ್ ಜಾಲದ ಒಂದು ನೋಡ್, ಅಂದರೆ ಕೊಂಡಿಯಾಗಿಸುವ ತಂತ್ರಾಂಶ) ನಡೆಸುವವರು ತಮ್ಮ ಐಪಿ, ಅಂದರೆ ಇಂಟರ್ನೆಟ್ ವಿಳಾಸ ಮರೆಸಲು ಟಾರ್ ಪ್ರಾಕ್ಸಿ (ಸಂಪರ್ಕವನ್ನು ಹಲವು ಕಂಪ್ಯೂಟರುಗಳ ಮೂಲಕ ಸುತ್ತಿಸಿ ಕಳಿಸುವ ಮಧ್ಯವರ್ತಿ) ಹಾಕಿ ನಿಶ್ಚಿಂತರಾಗುತ್ತಾರೆ. ಆದರೆ ಪ್ರಾಕ್ಸಿ ಕಾಯುವುದು ಹೊರಹೋಗುವ ಸಂಪರ್ಕವನ್ನಷ್ಟೆ. ಪೀರ್‌ಗಳು (ಒಂದಕ್ಕೊಂದು ಸಂಪರ್ಕದಲ್ಲಿರುವ ನೋಡ್‌ಗಳು) ಒಂದೊಂದು ಸಂದೇಶದಲ್ಲಿ 1000ದವರೆಗೆ ಬೇರೆ ನೋಡ್‌ಗಳ ವಿಳಾಸ ಹಂಚಿಕೊಳ್ಳುತ್ತವೆ; ಸೋರಿಕೆಗೆ ದಾರಿ ಇಲ್ಲಿದೆ. ಯಾರಾದರೂ ನಿಮ್ಮ ನೋಡ್‌ಗೆ ಗುರುತು ಹಿಡಿಯಲೆಂದೇ ಆಯ್ದ ವಿಳಾಸಗಳನ್ನು ತುಂಬಿ, ಆಮೇಲೆ ಪಟ್ಟಿ ಕೇಳಿದರೆ, ಟಾರ್‌ನಲ್ಲಿ ಕಂಡ ನೋಡೂ ನೇರವಾಗಿ ಕಂಡ ನೋಡೂ ಒಂದೇ ಎಂದು ಹಿಡಿಯಬಹುದು. ಲಕ್ಸೆಂಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲೇ ಇದನ್ನು ತೋರಿಸಿದ್ದರು.

ಮೊದಲು ಟಾರ್ ಅನ್ನು ಸರ್ವಿಸ್ ಆಗಿ ಹಾಕಿಕೊಳ್ಳಿ. ಅದರ ಪೋರ್ಟ್ 9050. ಟಾರ್ ಬ್ರೌಸರಿನ 9150 ಬೇಡ, ಬ್ರೌಸರ್ ಮುಚ್ಚಿದರೆ ಅದೂ ಹೋಗುತ್ತದೆ.

ಕೋರ್‌ನ ಸೆಟ್ಟಿಂಗ್ಸ್, ಆಪ್ಷನ್ಸ್, ನೆಟ್‌ವರ್ಕ್‌ಗೆ ಹೋಗಿ ಸಾಕ್ಸ್5 ಪ್ರಾಕ್ಸಿಗೆ 127.0.0.1, ಪೋರ್ಟ್ 9050 ಕೊಡಿ. ಒಳಬರುವ ಸಂಪರ್ಕದ ಟಿಕ್ ತೆಗೆಯಿರಿ. ಇದೇ ಮುಖ್ಯ: ಕೋರ್ ವಿಳಾಸಪಟ್ಟಿ ಕೊಡುವುದು ಒಳಬಂದವರಿಗೆ ಮಾತ್ರ. ರೌಟರಿನಲ್ಲಿ ಬಿಟ್‌ಕಾಯಿನ್‌ನ ಪೋರ್ಟ್ 8333 ಫಾರ್ವರ್ಡ್ ಮಾಡಿದ್ದರೆ ಅದನ್ನೂ ಅಳಿಸಿ.

ಕಾನ್ಫಿಗರೇಶನ್ ಫೈಲಿಗೆ ಮೂರು ಸಾಲು ಸೇರಿಸಿ (ಇಂಗ್ಲಿಷಿನ ಸಣ್ಣಕ್ಷರದಲ್ಲಿ): ಓನ್ಲಿನೆಟ್=ಆನಿಯನ್, ಡಿಎನ್‌ಎಸ್‌ಸೀಡ್=0, ಡಿಎನ್‌ಎಸ್=0. ಆನಿಯನ್ ಎಂದರೆ ಟಾರ್ ಒಳಗಿನ ವಿಳಾಸ; ಡಿಎನ್‌ಎಸ್ ಎಂದರೆ ಹೆಸರು ಕೊಟ್ಟು ಐಪಿ ಕೇಳುವ ವಿಚಾರಣೆ. ಕೋರ್ ಮುಚ್ಚಿ, ಡೇಟಾ ಫೋಲ್ಡರಿನ ಪೀರ್ಸ್.ಡ್ಯಾಟ್, ಆಂಕರ್ಸ್.ಡ್ಯಾಟ್ ಅಳಿಸಿ. ಹಳೆಯ ಪೀರ್‌ಗಳ ನೆನಪೆಲ್ಲ ಅವುಗಳಲ್ಲೇ ಇರುವುದು. ವಾಲೆಟ್ ಫೋಲ್ಡರ್ ಮುಟ್ಟಲೇಬೇಡಿ.

ಮತ್ತೆ ಶುರು ಮಾಡಿದರೆ ಕೋರ್ ತನ್ನೊಳಗೇ ಇರುವ ಆನಿಯನ್ ವಿಳಾಸಗಳಿಂದ ಹುಡುಕಾಟ ಆರಂಭಿಸುತ್ತದೆ. ಹೊರಹೋಗುವ ಸಂಪರ್ಕ ಸಾಮಾನ್ಯವಾಗಿ 10ಕ್ಕೆ ಏರುತ್ತದೆ. ಪೀರ್ಸ್ ಪಟ್ಟಿಯಲ್ಲಿ ಎಲ್ಲದರ ಮುಂದೆಯೂ ಆನಿಯನ್ ಎಂದೇ ಇರಬೇಕು. ಲಿನಕ್ಸ್‌ನಲ್ಲಿ ಬ್ರೌಸರ್ ಮುಚ್ಚಿ, ಟಿಸಿಪಿಡಂಪ್‌ನಲ್ಲಿ (ಬಂದುಹೋಗುವ ಪ್ಯಾಕೆಟ್ ತೋರಿಸುವ ಸಾಧನ) 8333 ಪೋರ್ಟ್ ನೋಡಿ: ಒಂದೂ ಪ್ಯಾಕೆಟ್ ಕಾಣಬಾರದು. ಡಿಎನ್‌ಎಸ್‌ನ ಪೋರ್ಟ್ 53ರಲ್ಲಿ ಬೇರೆ ತಂತ್ರಾಂಶಗಳ ವಿಚಾರಣೆ ಕಂಡೀತು, ಬಿಟ್‌ಕಾಯಿನ್ ಸೀಡ್ (ಮೊದಲ ಪೀರ್‌ಗಳ ವಿಳಾಸ ಕೊಡುವ ಸರ್ವರ್) ಹೆಸರು ಕಂಡರೆ ಮಾತ್ರ ಸಾಲುಗಳನ್ನು ಮತ್ತೆ ಪರೀಕ್ಷಿಸಿ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಸಂಪರ್ಕ ಸೊನ್ನೆ ತೋರಿಸಿದರೆ ಗಾಬರಿಯಿಂದ ಪ್ರಾಕ್ಸಿ ಟಿಕ್ ತೆಗೆಯಬೇಡಿ. ತೆಗೆದರೆ ಆನಿಯನ್ ಪೀರ್‌ಗಳಿಗೆ ದಾರಿಯೇ ಇರದು. ಟಾರ್ ಎದ್ದಿದೆಯೇ, ಗಡಿಯಾರ ಸರಿಯಿದೆಯೇ ನೋಡಿ. ಮದರ್‌ಬೋರ್ಡ್ ಬ್ಯಾಟರಿ ಸತ್ತು ತಾರೀಖು ಹಿಂದೆ ಹೋದರೆ ಟಾರ್ ಸೇರುವುದೇ ಇಲ್ಲ.

ಆನಿಯನ್ ವಿಳಾಸ ಸೃಷ್ಟಿಸಲು ಖರ್ಚಿಲ್ಲ. ಹಾಗಾಗಿ ಒಬ್ಬನೇ ನೂರಾರು ಪೀರ್ ವೇಷ ಹಾಕಿ ನಿಮ್ಮನ್ನು ಸುತ್ತುವರಿದು ತಪ್ಪು ಮಾಹಿತಿ ಕೊಡುವ ಅಪಾಯ ಉಳಿದೇ ಇದೆ. ದೊಡ್ಡ ಮೊತ್ತ ಬಂದಾಗ ಬ್ಲಾಕ್ ಸಂಖ್ಯೆಯನ್ನು ಟಾರ್ ಬ್ರೌಸರಿನಲ್ಲಿ ಬೇರೊಂದು ಎಕ್ಸ್‌ಪ್ಲೋರರ್ (ಬ್ಲಾಕ್‌ಗಳ ವಿವರ ತೋರಿಸುವ ಜಾಲತಾಣ) ತೆರೆದು ತಾಳೆ ಹಾಕಿ.