ಶರತ್ಕಾಲದ ಹಣ್ಣು-ತರಕಾರಿ: ತೊಟ್ಟು ನೋಡಿ ಆರಿಸಿ

ಬಿಸಿಲಿನ ಕಾವು ಇಳಿದು ರಾತ್ರಿ ತಣ್ಣಗಾಗುವ ಹೊತ್ತಿಗೆ ತರಕಾರಿ ಅಂಗಡಿಯ ಬಣ್ಣವೇ ಬದಲಾಗುತ್ತದೆ. ಕಲ್ಲಂಗಡಿ, ಸೌತೆಕಾಯಿ ಹಿಂದೆ ಸರಿಯುತ್ತವೆ. ಸೇಬು, ಮರಸೇಬು (ಪಿಯರ್), ದ್ರಾಕ್ಷಿ, ದಾಳಿಂಬೆ, ಸಿಹಿಗುಂಬಳ, ಗೆಣಸು, ಎಲೆಕೋಸು ಮುಂದೆ ಬರುತ್ತವೆ. ಭೂಮಿಯ ಉತ್ತರಾರ್ಧದಲ್ಲಿ ಇದು ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣಾರ್ಧದಲ್ಲಿ ಮಾರ್ಚ್‌ನಿಂದ ಮೇ. ಬೇಸಿಗೆಯಲ್ಲಿ ಬೆಳೆದದ್ದು ಒಟ್ಟಿಗೇ ಕೊಯ್ಲಿಗೆ ಬರುವುದರಿಂದ ಮಾಲು ಜಾಸ್ತಿ, ಆರಿಸಿಕೊಳ್ಳುವ ಅವಕಾಶವೂ ಜಾಸ್ತಿ. ಆದರೆ ಸರಿಯಾಗಿ ಬಲಿತದ್ದು, ಅವಸರಕ್ಕೆ ಕಿತ್ತದ್ದು, ಮಳೆಗೆ ಸಿಕ್ಕಿದ್ದು ಎಲ್ಲವೂ ಒಂದೇ ರಾಶಿಯಲ್ಲಿ ಇರುತ್ತವೆ.

ಮೊದಲು: ಮನೆಯಲ್ಲಿ ಯಾವುದು ಹಣ್ಣಾಗುತ್ತದೆ ಎಂದು ತಿಳಿದುಕೊಳ್ಳಿ

ಬಲಿಯುವುದು ಬೇರೆ, ಹಣ್ಣಾಗುವುದು ಬೇರೆ. ಬಲಿಯುವ ಕೆಲಸ ಗಿಡದಲ್ಲೇ ಮುಗಿಯಬೇಕು. ಹಣ್ಣಾಗುವುದು ಕೆಲವಕ್ಕೆ ಮಾತ್ರ ಕಿತ್ತ ಮೇಲೂ ಸಾಧ್ಯ. ಸೇಬು, ಮರಸೇಬು, ಟೊಮೆಟೊ, ಬಾಳೆ ಈ ಗುಂಪಿನವು. ಇವು ಎಥಿಲೀನ್ ಎಂಬ ಅನಿಲವನ್ನು ತಾವೇ ಬಿಡುತ್ತವೆ, ಅದೇ ಅನಿಲದಿಂದ ಮೆತ್ತಗಾಗಿ ಸಿಹಿಯಾಗುತ್ತವೆ.

ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಹಾಗಲ್ಲ. ಕಿತ್ತ ದಿನ ಎಷ್ಟು ಸಿಹಿಯೋ ಅಷ್ಟೇ. ಹುಳಿ ದ್ರಾಕ್ಷಿಯನ್ನು ನಾಲ್ಕು ದಿನ ಇಟ್ಟರೆ ಬಾಡುತ್ತದೆ, ಸಿಹಿಯಾಗುವುದಿಲ್ಲ. ಹಾಗಾಗಿ ಇವನ್ನು ಕೊಳ್ಳುವ ಮೊದಲು ಒಂದನ್ನು ತಿಂದು ನೋಡಿ. ಕೇಳಲು ಸಂಕೋಚ ಬೇಡ.

ಆಮೇಲೆ: ತೊಟ್ಟು ನೋಡಿ

ಎಲ್ಲರ ಕಣ್ಣೂ ಮೊದಲು ಹೋಗುವುದು ಬಣ್ಣದ ಮೇಲೆ. ಸೇಬಿನ ವಿಷಯದಲ್ಲಿ ಈ ಬಣ್ಣವೇ ಮೋಸ ಮಾಡುತ್ತದೆ. ಬಿಸಿಲು ಬಿದ್ದು, ರಾತ್ರಿ ತಂಪಾಗಿದ್ದರೆ ಕೆಂಪು ಚೆನ್ನಾಗಿ ಏರುತ್ತದೆ. ಅದರಿಂದ ಹಣ್ಣು ಮಾಗಿದೆ ಎಂದು ಹೇಳಲಾಗದು. ಕೆಂಪಿನ ಹಿಂದೆ, ತೊಟ್ಟಿನ ಗುಳಿಯ ಸುತ್ತ ಇರುವ ಬಣ್ಣ ನೋಡಿ. ಅದು ಎಲೆಹಸಿರಿನಿಂದ ತಿಳಿಹಳದಿಗೆ ತಿರುಗಿದ್ದರೆ ಹಣ್ಣು ಮಾಗಿದೆ. ಅಲ್ಲೇ ಸಿಪ್ಪೆ ಸುಕ್ಕುಗಟ್ಟಿದ್ದರೆ ನೀರು ಆರಿದೆ ಎಂದರ್ಥ, ಬಿಟ್ಟುಬಿಡಿ.

ಸೇಬು ಬೆಳೆಯುವವರು ಕೊಯ್ಲಿಗೆ ಮೊದಲು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಹಣ್ಣನ್ನು ಅಡ್ಡಕ್ಕೆ ಕೊಯ್ದು ಅಯೋಡಿನ್ ದ್ರಾವಣ ಹಚ್ಚುತ್ತಾರೆ. ಪಿಷ್ಟ ಇರುವ ಕಡೆ ಕಡುನೀಲಿ ಬಣ್ಣ ಏರುತ್ತದೆ. ಮಾಗುತ್ತಾ ಹೋದಂತೆ ಪಿಷ್ಟ ಸಕ್ಕರೆಯಾಗುತ್ತದೆ, ನೀಲಿ ನಡುವಿನಿಂದ ಹೊರಕ್ಕೆ ಮಾಯವಾಗುತ್ತಾ ಬರುತ್ತದೆ. ಅವಸರಕ್ಕೆ ಕಿತ್ತ ಸೇಬು ಕಚ್ಚಿದಾಗ ಹಿಟ್ಟಿನ ರುಚಿ ಬರುವುದು ಈ ಪಿಷ್ಟದಿಂದಲೇ.

ಮರಸೇಬು ತುಂಬ ಜನರನ್ನು ಸೋಲಿಸುವ ಹಣ್ಣು. ಇದನ್ನು ಬಲಿತ ಮೇಲೆ ಗಟ್ಟಿಯಾಗಿದ್ದಾಗಲೇ ಕೀಳುತ್ತಾರೆ. ಮರದಲ್ಲೇ ಹಣ್ಣಾಗಲು ಬಿಟ್ಟರೆ ಒಳಗೆ ಮರಳು ಮರಳಾಗುತ್ತದೆ. ಅದು ಹಣ್ಣಾಗುವುದು ಒಳಗಿನಿಂದ ಹೊರಕ್ಕೆ. ನಾನು ಬಹಳ ಕಾಲ ಅದರ ಹೊಟ್ಟೆಯನ್ನೇ ಅಮುಕಿ ನೋಡುತ್ತಿದ್ದೆ. ಹೊಟ್ಟೆ ಮೆತ್ತಗಾಗುವ ಹೊತ್ತಿಗೆ ಒಳಗೆಲ್ಲ ಕಂದಾಗಿರುತ್ತಿತ್ತು. ಅಮುಕಬೇಕಾದದ್ದು ತೊಟ್ಟಿನ ಪಕ್ಕದ ಕತ್ತನ್ನು. ಹೆಬ್ಬೆರಳು ಇಟ್ಟು ಸುಮ್ನೆ ಸ್ವಲ್ಪ ಒತ್ತಿ. ಅಲ್ಲಿ ತುಸು ಬಗ್ಗಿದರೆ ಅವತ್ತೇ ತಿನ್ನಿ. ಬಗ್ಗದಿದ್ದರೆ ಹೊರಗಿಟ್ಟು ದಿನಕ್ಕೊಮ್ಮೆ ನೋಡಿ.

ದ್ರಾಕ್ಷಿಯ ಕಡ್ಡಿ ಹಸಿರಾಗಿ, ಬಾಗುವಂತಿರಬೇಕು. ಕಂದಾಗಿ ಒಣಗಿದ್ದರೆ ಕೊಯ್ದು ಬಹಳ ದಿನವಾಗಿದೆ. ಹಣ್ಣಿನ ಮೇಲಿನ ಬೂದಿಯಂಥ ಬಿಳಿ ಪುಡಿ ಹಣ್ಣಿನದೇ ಮೇಣ, ಅದು ಇದ್ದರೆ ಒಳ್ಳೆಯದು.

ಸಿಹಿಗುಂಬಳದಲ್ಲಿ ಲೆಕ್ಕ ತಿರುಗುಮುರುಗು. ತೊಟ್ಟು ಒಣಗಿ ಬಿರುಸಾಗಿರಬೇಕು, ಆದರೆ ಕಾಯಿಗೆ ಅಂಟಿಕೊಂಡೇ ಇರಬೇಕು. ತೊಟ್ಟು ಕಿತ್ತುಬಂದ ಜಾಗದಿಂದಲೇ ಕೊಳೆ ಒಳಗೆ ಹೋಗುವುದು. ಸಿಪ್ಪೆಗೆ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಎಳೆಯದು, ತುಂಬ ದಿನ ಇಡಲಾಗದು. ಈರುಳ್ಳಿಯ ಕತ್ತೂ ಹೀಗೇ ಒಣಗಿ ಸಣ್ಣಗಾಗಿರಬೇಕು.

ದಾಳಿಂಬೆಗೆ ತೊಟ್ಟಿಗಿಂತ ಆಕಾರ ಮುಖ್ಯ. ಒಳಗಿನ ಕಾಳು ತುಂಬಿಕೊಂಡಾಗ ದುಂಡಗಿನ ಕಾಯಿಗೆ ಮೂಲೆ ಮೂಡುತ್ತದೆ, ಪಕ್ಕಗಳು ಚಪ್ಪಟೆಯಾಗುತ್ತವೆ. ಕೈಯಲ್ಲಿ ಹಿಡಿದರೆ ಭಾರ ಅನ್ನಿಸಬೇಕು.

ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಿ

ಕೊಯ್ಲಿನ ಹೊತ್ತಿಗೆ ಜೋರು ಮಳೆಯಾದರೆ ದ್ರಾಕ್ಷಿ ನೀರು ಹೀರಿ ಬಿರಿಯುತ್ತದೆ, ಸಿಹಿ ಸಪ್ಪೆಯಾಗುತ್ತದೆ. ಆ ವಾರ ದ್ರಾಕ್ಷಿ ಬಿಟ್ಟು ಬೇರೆ ಹಣ್ಣು ನೋಡುವುದು ವಾಸಿ. ಚಳಿ ಮಾತ್ರ ಕೆಲವಕ್ಕೆ ಒಳ್ಳೆಯದೇ ಮಾಡುತ್ತದೆ. ಕ್ಯಾರೆಟ್, ಎಲೆಕೋಸು ಚಳಿ ತಡೆಯಲು ತಮ್ಮೊಳಗೆ ಸಕ್ಕರೆ ಹೆಚ್ಚಿಸಿಕೊಳ್ಳುತ್ತವೆ. ಅದಕ್ಕೇ ಶರತ್ಕಾಲದ ಕೊನೆಯಲ್ಲಿ ಬರುವ ಕ್ಯಾರೆಟ್ ಮೊದಲು ಬಂದದ್ದಕ್ಕಿಂತ ರುಚಿ. ಸ್ವಲ್ಪ ಕಾಯುವುದು ಒಳ್ಳೆಯದು, ಅಲ್ವಾ?

ಮನೆಗೆ ತಂದ ಮೇಲೆ

ಎಲ್ಲವನ್ನೂ ಫ್ರಿಜ್‌ಗೆ ತುಂಬಬೇಡಿ. ಚೆನ್ನಾಗಿ ಆರಿಸಿ ತಂದದ್ದೂ ಇಲ್ಲೇ ಕೆಡುತ್ತದೆ. ಸೇಬಿಗೆ 0 ಡಿಗ್ರಿ ಸೆಲ್ಸಿಯಸ್ ಹತ್ತಿರದ ತಂಪು ಒಗ್ಗುತ್ತದೆ. ಆಮ್ಲಜನಕ ಕಡಿಮೆ ಮಾಡಿದ ತಂಪು ಗೋದಾಮಿನಲ್ಲಿ ಕೆಲವು ತಳಿಗಳು ಹತ್ತು ತಿಂಗಳೂ ಬಾಳುತ್ತವೆ. ಆದರೆ ಗೆಣಸಿಗೆ 13ರಿಂದ 15 ಡಿಗ್ರಿ ಬೇಕು. ಫ್ರಿಜ್‌ನಲ್ಲಿಟ್ಟ ಗೆಣಸು ಬೇಯಿಸಿದರೂ ನಡುವೆ ಗಟ್ಟಿಯಾಗೇ ಉಳಿಯಬಹುದು. ಇಡೀ ಸಿಹಿಗುಂಬಳಕ್ಕೂ 10 ಡಿಗ್ರಿಗಿಂತ ಕಡಿಮೆ ಆಗದು. ಆಲೂಗಡ್ಡೆಯ ಪಿಷ್ಟ ಫ್ರಿಜ್‌ನ ಚಳಿಗೆ ಸಕ್ಕರೆಯಾಗುತ್ತದೆ, ಕರಿದಾಗ ಕಪ್ಪಾಗುತ್ತದೆ. ಅದನ್ನು ಕತ್ತಲೆಯಲ್ಲಿ, ಗಾಳಿಯಾಡುವ ಕಡೆ ಇಡಿ. ಬೆಳಕಿಗೆ ಹಸಿರಾದ ಆಲೂಗಡ್ಡೆ ತಿನ್ನಬೇಡಿ.

ಸೇಬನ್ನು ಕ್ಯಾರೆಟ್ ಜೊತೆ ಇಡಬೇಡಿ. ಅದು ಬಿಡುವ ಎಥಿಲೀನ್‌ನಿಂದ ಕ್ಯಾರೆಟ್ ಕಹಿಯಾಗುತ್ತದೆ, ಸೊಪ್ಪು ಹಳದಿಯಾಗುತ್ತದೆ. ಇದೇ ಗುಣ ಒಂದು ಕಡೆ ಉಪಯೋಗಕ್ಕೂ ಬರುತ್ತದೆ. ಗಟ್ಟಿ ಮರಸೇಬನ್ನು ಒಂದು ಸೇಬಿನ ಜೊತೆ ಕಾಗದದ ಚೀಲದಲ್ಲಿ ಸುತ್ತಿಡಿ, ಬೇಗ ಹಣ್ಣಾಗುತ್ತದೆ.

ಕ್ಯಾರೆಟ್, ಬೀಟ್‌ರೂಟ್ ಕೊಳ್ಳುವಾಗ ಸೊಪ್ಪು ಇರುವುದನ್ನೇ ಆರಿಸಿ. ಅದು ಬಾಡಿರದಿದ್ದರೆ ಗಡ್ಡೆ ತಾಜಾ. ಮನೆಗೆ ಬಂದ ಕೂಡಲೇ ಆ ಸೊಪ್ಪನ್ನು ಕತ್ತರಿಸಿ ಬೇರೆ ಇಡಿ. ಬಿಟ್ಟರೆ ಗಡ್ಡೆಯ ನೀರನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ, ಎರಡೇ ದಿನಕ್ಕೆ ಕ್ಯಾರೆಟ್ ರಬ್ಬರಿನಂತೆ ಬಾಗುತ್ತದೆ.

ವಾರಕ್ಕೊಮ್ಮೆ ಇಟ್ಟದ್ದನ್ನೆಲ್ಲ ಕೈಯಲ್ಲಿ ಎತ್ತಿ ನೋಡಿ. ಮೆತ್ತಗಾದ ಸೇಬು, ತೊಟ್ಟಿನ ಬಳಿ ಕಲೆ ಬಿದ್ದ ಕುಂಬಳ ಕಂಡರೆ ತೆಗೆದು, ಕೊಳೆಯುವ ಮೊದಲೇ ಅವತ್ತಿನ ಅಡುಗೆಗೆ ಹಾಕಿ.